ಮೊದಲು ಸೂಜಿ, ಆಮೇಲೆ ಸದ್ದು

ಈ ಸಂಚಿಕೆಗೆ ಒಂದು ಕವಿತೆ ಕೊಡು ಎಂದು ಸಂಪಾದಕ ಮಿತ್ರರು ಬೆನ್ನು ಹತ್ತಿದ್ದರು. ಕವಿತೆ ಬರೆಯುವವರು ನಮ್ಮ ಸಂಘದಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗೆ ಜಗಳ ತೆಗೆಯಬೇಕಾಗಿರುವುದು ಬೇರೆ ವಿಷಯಕ್ಕೆ.

ಕಳೆದ ತಿಂಗಳು ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ಕೇಳಿದ: "ಮನೇಲಿ ಹಳೇ ಸ್ಟೀರಿಯೋ ಇದೆ, ಟ್ಯೂಷನ್ ಹೇಳಿದ ದುಡ್ಡು ಸ್ವಲ್ಪ ಉಳಿದಿದೆ. ಮೊದಲು ಏನು ಬದಲಾಯಿಸಲಿ?" ಚಹಾ ಆರುವುದರೊಳಗೆ ಐದು ಜನ ಐದು ಉತ್ತರ ಕೊಟ್ಟರು. ಹೆಚ್ಚು ಓಟು ಬಿದ್ದದ್ದು ಆಂಪ್ಲಿಫೈಯರಿಗೆ. ಆ ಓಟನ್ನೇ ನಂಬಿ ಒಮ್ಮೆ ಕೈ ಸುಟ್ಟುಕೊಂಡವನು ನಾನು. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಡೊಂಬಿವಲಿಯಲ್ಲಿ ಎರಡು ಕೋಣೆಯ ಮನೆ. ಅಪ್ಪ ಧಾರವಾಡ ಬಿಟ್ಟು ಬರುವಾಗ ತಂದದ್ದು ಒಂದು ಟ್ರಂಕು. ಇಲ್ಲಿಗೆ ಬಂದ ಮೇಲೆ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ್ದು ನಲವತ್ತು ಎಲ್.ಪಿ. ರೆಕಾರ್ಡು. ಒಂದು ಸ್ಪೀಕರು ಕಪಾಟಿನ ತಲೆಯ ಮೇಲೆ, ಇನ್ನೊಂದು ಮೂಲೆಯಲ್ಲಿ ಅಕ್ಕಿ ಡಬ್ಬದ ಪಕ್ಕ. ನಾನು ದುಡ್ಡು ಕೂಡಿಸಿ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಅಂಗಡಿಯವ 25 ವ್ಯಾಟಿನದರ ಬದಲು 50 ವ್ಯಾಟಿನದು ತೋರಿಸಿ, "ಆವಾಜ್ ಡಬಲ್" ಅಂದ. ಲೋಕಲ್ ಟ್ರೇನಿನಲ್ಲಿ ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ರಾತ್ರಿ ಅಪ್ಪನಿಗೆ ಪ್ರಿಯವಾದ ಮಲ್ಲಿಕಾರ್ಜುನ ಮನ್ಸೂರರ ರೆಕಾರ್ಡು ಹಚ್ಚಿದೆ. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಹತ್ತು ನಿಮಿಷ ಆದ ಮೇಲೆ ಅಂದರು: "ತಮ್ಮಾ, ಮನ್ಸೂರರಿಗೆ ನೆಗಡಿ ಆದ್ಹಂಗ ಕೇಳಸ್ತದಲ್ಲೋ."

ನನಗೆ ಸಿಟ್ಟು ಬಂತು. ಆದರೆ ಅವರು ಹೇಳಿದ್ದೇ ಖರೆ. ಸ ಕಾರ ಬಂದಲ್ಲೆಲ್ಲ ಶ್ ಶ್ ಎಂಬ ಉಸಿರು. ತಾನು ಮೇಲಕ್ಕೆ ಹೋದಾಗೆಲ್ಲ ಕರಕರ. ಹೊಸ ಯಂತ್ರ ಮೋಸ ಮಾಡಿರಲಿಲ್ಲ. ಹಳೆಯ ತಪ್ಪನ್ನು ಗಟ್ಟಿಯಾಗಿ ಹೇಳುತ್ತಿತ್ತು, ಅಷ್ಟೇ.

ಈ ವ್ಯಾಟಿನ ಲೆಕ್ಕವನ್ನೇ ನೋಡಿ. ವ್ಯಾಟು ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ "ಡಬಲ್" ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು. ಅಂದರೆ ವ್ಯಾಟು ಹತ್ತು ಪಟ್ಟಾಗಬೇಕು. ಅದೇ 3 ಡೆಸಿಬಲ್, 87ರ ಸ್ಪೀಕರು ಬಿಟ್ಟು 90ರ ಸ್ಪೀಕರು ತಂದರೂ ಸಿಗುತ್ತದೆ. ಫಿಸಿಕ್ಸ್ ಓದುವ ನನಗೆ ಇದು ಅಂಗಡಿಯಲ್ಲಿ ನೆನಪಾಗಲಿಲ್ಲ. ಪರೀಕ್ಷೆಗೆ ಓದಿದ್ದು ಪರೀಕ್ಷೆಯಲ್ಲೇ ಖರ್ಚಾಗಿ ಹೋಗಿತ್ತು!

ಹಾಗಾದರೆ ಯಾವುದು ಮೊದಲು? ಸ್ಕಾಟ್ಲೆಂಡಿನ ಲಿನ್ ಕಂಪನಿಯ ಐವರ್ ಟೀಫೆನ್‌ಬ್ರನ್ 1970ರ ದಶಕದಲ್ಲಿ ಒಂದು ವಾದ ಹೂಡಿದರು: ಮೂಲವೇ ಮೊದಲು. ರೆಕಾರ್ಡಿನಿಂದ ಟರ್ನ್‌ಟೇಬಲ್ ಎತ್ತಿಕೊಳ್ಳದೆ ಬಿಟ್ಟದ್ದನ್ನು ಮುಂದಿನ ಯಾವ ಯಂತ್ರವೂ ಹುಟ್ಟಿಸಲಾರದು. ಅವರು ಟರ್ನ್‌ಟೇಬಲ್ ಮಾರುವವರು, ಹಾಗೆ ಹೇಳದೆ ಇನ್ನೇನು ಅನ್ನಬಹುದು. ಆದರೂ ಮಾತು ಸುಳ್ಳಲ್ಲ. ಈ ಪತ್ರಿಕೆಯನ್ನೇ ನೋಡಿ. ಸ್ಟೆನ್ಸಿಲ್ಲಿನಲ್ಲಿ ಅಕ್ಷರ ಸರಿಯಾಗಿ ಕೊರೆಯದಿದ್ದರೆ ಎಷ್ಟು ಮಸಿ ಹಾಕಿ ತಿರುಗಿಸಿದರೇನು?

ಎದುರು ಪಕ್ಷವೂ ಗಟ್ಟಿಯಾಗಿದೆ. 1982ರಲ್ಲಿ ಸಿ.ಡಿ. ಬಂದ ಮೇಲೆ ಮೂಲ ಮೂಲಗಳ ನಡುವಿನ ಅಂತರ ಬಹಳ ಕಡಿಮೆಯಾಯಿತು. ಇವತ್ತು ಮೊಬೈಲಿನಿಂದ ತಂತಿ ಎಳೆದರೂ ಸಾಕಷ್ಟು ಶುದ್ಧವಾದ ಸಂಕೇತ ಬರುತ್ತದೆ. ಒಂದು ಸ್ಪೀಕರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸವಾದರೋ ಯಾರ ಕಿವಿಗೂ ಗೊತ್ತಾಗುತ್ತದೆ. ಆದ್ದರಿಂದ ಸಿ.ಡಿ. ಅಥವಾ ಮೊಬೈಲಿನಿಂದ ಕೇಳುವವರಿಗೆ ನನ್ನ ಸಲಹೆ ಸ್ಪೀಕರು. ಅದಕ್ಕೆ ನನ್ನ ತಕರಾರಿಲ್ಲ.

ಅದಕ್ಕೂ ಮೊದಲು ಕಾಸು ಖರ್ಚಿಲ್ಲದ ಕೆಲಸ ಒಂದಿದೆ. ಮೂಲೆಯ ಸ್ಪೀಕರನ್ನು ಈಚೆ ತಂದೆ. ಮೂಲೆಯಲ್ಲಿ ಮಂದ್ರದ ಸದ್ದು ಗೋಡೆಗೆ ಬಡಿದು ಊದಿಕೊಳ್ಳುತ್ತದೆ. ಕಪಾಟಿನ ಮೇಲಿನದನ್ನು ಕಿವಿಯ ಎತ್ತರಕ್ಕೆ ಇಳಿಸಿದೆ. ಎರಡು ಸ್ಪೀಕರು, ಕೇಳುವವನು, ಮೂರೂ ಸಮ ತ್ರಿಕೋನವಾಗಬೇಕು. ಬರಿಗೋಡೆಗೆ ಅಜ್ಜಿ ಹೊಲಿದ ಕೌದಿ ತೂಗುಹಾಕಿದೆ. ತಾರದ ಸದ್ದು ಕಣಕಣ ಅನ್ನುವುದು ಕಡಿಮೆಯಾಯಿತು. ಮಂದ್ರಕ್ಕೆ ಕೌದಿಯಿಂದ ಏನೂ ಆಗದು. ಅಮ್ಮ ಮಾತ್ರ, "ಇದೇನು ಮನೀನೋ, ದೋಬಿ ಘಾಟೋ?" ಅಂದಳು.

ಇಷ್ಟೆಲ್ಲ ಮಾಡಿದರೂ ನೆಗಡಿ ಹೋಗಲಿಲ್ಲ. ಕೊನೆಗೆ ಸೂಜಿಯ ನೆನಪಾಯಿತು. ಯಾವಾಗ ಬದಲಾಯಿಸಿದ್ದು ಎಂದು ಕೇಳಿದರೆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ವಜ್ರದ ಮೊನೆಯೂ ಸವೆಯುತ್ತದೆ ಸ್ವಾಮಿ! ಸಾಮಾನ್ಯವಾಗಿ ಅದರ ಆಯುಷ್ಯ 500ರಿಂದ 1000 ಗಂಟೆ. ದಿನಕ್ಕೆ ಒಂದು ಗಂಟೆ ಕೇಳಿದರೆ ಒಂದೂವರೆ ವರ್ಷದಿಂದ ಮೂರು ವರ್ಷದೊಳಗೆ ಮುಗಿಯಿತು. ಆಮೇಲೆ ಅದು ಸೂಜಿಯಲ್ಲ, ಉಳಿ. ಹಾಡನ್ನು ಓದುವುದಿಲ್ಲ, ಕೆತ್ತಿ ಹಾಕುತ್ತದೆ. ಹಳೇ ಗ್ರಾಮಾಫೋನಿನವರು ಉಕ್ಕಿನ ಸೂಜಿಯನ್ನು ಒಂದೊಂದು ಮಗ್ಗುಲಿಗೆ ಬದಲಾಯಿಸುತ್ತಿದ್ದರು. ಅವರಿಗೆ ತಿಳಿದದ್ದನ್ನು ನಾವು ಮರೆತೆವು.

ಹೊಸ ಸೂಜಿ ಹಾಕಿದೆ. ಆಂಪ್ಲಿಫೈಯರಿಗೆ ಕೊಟ್ಟದ್ದರ ಒಂದು ಪಾಲೂ ಖರ್ಚಾಗಲಿಲ್ಲ. ಅಪರೂಪಕ್ಕೆ ಹಚ್ಚುತ್ತಿದ್ದ ರೆಕಾರ್ಡುಗಳೆಲ್ಲ ತೊಳೆದಿಟ್ಟ ಹಾಗೆ ಕೇಳಿದವು. ಮನ್ಸೂರರದು ಮಾತ್ರ ಹಾಗೇ ಉಳಿಯಿತು. ದಿನಾ ಹಚ್ಚುತ್ತಿದ್ದದ್ದು ಅದೊಂದೇ ನೋಡಿ, ಅದರ ಗೆರೆಗಳೇ ಹೋಗಿವೆ. ಹೆಚ್ಚು ಪ್ರೀತಿಸಿದ್ದನ್ನೇ ಹೆಚ್ಚು ಹಾಳು ಮಾಡಿದ್ದೆವು.

ಆದ್ದರಿಂದ ಮಿತ್ರರೆ, "ಯಾವುದನ್ನು ಬದಲಾಯಿಸಿದರೆ ಸದ್ದು ಚೆನ್ನಾಗುತ್ತದೆ" ಎಂಬ ಪ್ರಶ್ನೆಯೇ ಎರಡನೆಯದು. ಯಾವುದನ್ನು ಬದಲಾಯಿಸದಿದ್ದರೆ ಮತ್ತೆ ಸಿಗದ ವಸ್ತು ನಾಶವಾಗುತ್ತದೆ ಎಂಬುದು ಮೊದಲನೆಯದು. ಕೆಟ್ಟ ಸ್ಪೀಕರು ಕೇಳಿದಷ್ಟು ಹೊತ್ತು ಹಿಂಸೆ ಕೊಡುತ್ತದೆ. ನಾಳೆ ಒಳ್ಳೆಯದು ತಂದರೆ ಹಿಂಸೆ ಮುಗಿಯಿತು. ಸಣ್ಣ ಆಂಪ್ಲಿಫೈಯರು ಕಾಯುತ್ತದೆ. ಸವೆದ ಸೂಜಿ ಕಾಯುವುದಿಲ್ಲ. ರೆಕಾರ್ಡು ಕೇಳುವ ಮನೆಯಲ್ಲಿ ಕ್ರಮ ಇದು: ಸೂಜಿ, ಕೋಣೆ, ಸ್ಪೀಕರು, ಕಟ್ಟಕಡೆಗೆ ವ್ಯಾಟು. ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಬರೆಯಲಿ, ಉತ್ತರ ಕೊಡಲು ನಾನಿದ್ದೇನೆ.

ಅಪ್ಪ ಈಗಲೂ ಭಾನುವಾರ ಆ ರೆಕಾರ್ಡನ್ನೇ ಕೇಳುತ್ತಾರೆ. "ಬ್ಯಾರೇದು ಹಚ್ಚಲೇನು?" ಅಂತ ಕೇಳಿದರೆ, "ಇರಲಿ ಬಿಡೋ, ನನಗೆ ಒಳಗಿಂದು ಕೇಳಸ್ತದ" ಅನ್ನುತ್ತಾರೆ. ನನಗೆ ಮಾತ್ರ ನೆಗಡಿಯೇ ಕೇಳಿಸುತ್ತದೆ.