ಹಳದೀಪುರದಿಂದ ಘಾಜಿಯಾಬಾದಿನವರೆಗೆ

ನ್ಯಾಯಾಲಯದ ಮೆಟ್ಟಿಲೇರುವವರು ಬಹುಮಟ್ಟಿಗೆ ಆಸ್ತಿಯನ್ನೋ, ಪರಿಹಾರವನ್ನೋ, ಬಿಡುಗಡೆಯನ್ನೋ ಬೇಡುವವರು. ಘಾಜಿಯಾಬಾದಿನಲ್ಲಿ ನೆಲೆಸಿದ ತಂದೆತಾಯಿಗಳಿಬ್ಬರು 2024ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದ ಮುಂದೆ ಇಟ್ಟ ಬೇಡಿಕೆ ಇದಾವುದೂ ಅಲ್ಲ. 2013ರಲ್ಲಿ ಚಂಡೀಗಢದ ವಸತಿಗೃಹವೊಂದರ ನಾಲ್ಕನೆಯ ಅಂತಸ್ತಿನಿಂದ ಬಿದ್ದು, ಅಂದಿನಿಂದ ಪ್ರಜ್ಞೆ ಮರಳದೆ ಮಲಗಿದ್ದ ಮಗನಿಗೆ ದಯಾಮರಣ ದೊರಕಬಹುದೇ ಎಂಬುದು ಅವರ ಪ್ರಶ್ನೆ. ಯುವಕನು ಯಂತ್ರದ ನೆರವಿಲ್ಲದೆ ಉಸಿರಾಡುತ್ತಿದ್ದಾನೆ ಎಂಬ ಕಾರಣದಿಂದ ಉಚ್ಚ ನ್ಯಾಯಾಲಯವು ಒಪ್ಪಲಿಲ್ಲ. ಅದೇ ವರ್ಷ ಸರ್ವೋಚ್ಚ ನ್ಯಾಯಾಲಯವೂ ಆಹಾರದ ನಳಿಕೆಯನ್ನು ತೆಗೆಯುವುದು ನಿಷ್ಕ್ರಿಯ ದಯಾಮರಣವಾಗದು ಎಂದಿತು. ಮನೆಯಲ್ಲಿಯೇ ಶುಶ್ರೂಷೆಗೆ ಸರ್ಕಾರದ ನೆರವು ದೊರೆಯುವಂತೆ ಮಾಡಿತು. ಆದರೆ 2026ರ ಮಾರ್ಚಿನಲ್ಲಿ, ವೈದ್ಯ ಮಂಡಲಿಗಳ ವರದಿಗಳನ್ನು ನೋಡಿದ ಬಳಿಕ, ನಳಿಕೆಯ ಆಹಾರವನ್ನೂ ಚಿಕಿತ್ಸೆಯೆಂದೇ ಎಣಿಸಿ ಅದನ್ನು ನಿಲ್ಲಿಸಲು ಅನುಮತಿ ನೀಡಿತು. ನಳಿಕೆ ಅದೇ, ರೋಗಿಯೂ ಅವನೇ. ಬದಲಾದದ್ದು ಒಂದು ಶಬ್ದದ ಅರ್ಥ. ಅಷ್ಟಕ್ಕಾಗಿ ಆ ಹೆತ್ತವರು ಮತ್ತೆ ಒಂದೂವರೆ ವರ್ಷ ಕಾಯಬೇಕಾಯಿತು.

ಈ ಮೊಕದ್ದಮೆಯ ಮೂಲವನ್ನು ಹುಡುಕುತ್ತ ಹೋದರೆ ಕನ್ನಡ ನಾಡಿಗೇ ಬಂದು ನಿಲ್ಲಬೇಕು. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ, 1973ರ ನವೆಂಬರ್ 27ರಂದು ಅಲ್ಲಿಯ ಜವಾನನೊಬ್ಬನ ಅತ್ಯಾಚಾರಕ್ಕೀಡಾದರು. ಅಪರಾಧಿಗೆ ಆದದ್ದು ಏಳು ವರ್ಷಗಳ ಶಿಕ್ಷೆ. ಆಕೆ ಅದೇ ಆಸ್ಪತ್ರೆಯಲ್ಲಿ 2015ರ ಮೇ 18ರವರೆಗೆ, ನಲವತ್ತೊಂದು ವರ್ಷಗಳಿಗೂ ಮೇಲ್ಪಟ್ಟು, ಮಲಗಿದ್ದರು. ಆಕೆಯ ಪರವಾಗಿ ಪತ್ರಕರ್ತೆ ಪಿಂಕಿ ವಿರಾನಿ ಸಲ್ಲಿಸಿದ್ದ ಅರ್ಜಿಯನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. ಆಕೆಯ ನಿಜವಾದ ಆಪ್ತರು ದಿನವೂ ಉಣಿಸಿ, ಮೈ ತೊಳೆದ ಆಸ್ಪತ್ರೆಯ ಸಿಬ್ಬಂದಿಯೇ. ಆಕೆ ಬದುಕಿರಲಿ ಎಂಬುದು ಅವರ ಅಪೇಕ್ಷೆ. ಹಾಗಿದ್ದೂ ನಿಷ್ಕ್ರಿಯ ದಯಾಮರಣಕ್ಕೆ ಈ ದೇಶದಲ್ಲಿ ಮೊದಲು ಬಾಗಿಲು ತೆರೆದದ್ದು ಅದೇ ತೀರ್ಪು.

ಮೇಲುನೋಟಕ್ಕೆ ಎರಡು ತೀರ್ಪುಗಳೂ ಪರಸ್ಪರ ವಿರುದ್ಧ. ಆದರೆ ಎರಡರಲ್ಲಿಯೂ ಕೊನೆಗೆ ಮನ್ನಣೆ ದೊರೆತದ್ದು ರೋಗಿಯ ಮಗ್ಗುಲು ಬದಲಿಸಿದವರ ಮಾತಿಗೆ. ಅದು ಸರಿಯಾದುದೇ. ಹಾಸಿಗೆಹುಣ್ಣಾಗದಂತೆ ಎರಡು ತಾಸಿಗೊಮ್ಮೆ ಮೈ ಹೊರಳಿಸುವವನಿಗೆ ತಿಳಿದಿರುವುದು ದೂರದಿಂದ ಧರ್ಮಸೂಕ್ಷ್ಮ ಹೇಳುವವನಿಗೆ ತಿಳಿಯದು.

ಘಾಜಿಯಾಬಾದಿನ ಕನ್ನಡ ಕುಟುಂಬಗಳಲ್ಲಿ ತೊಡಕು ಇರುವುದೂ ಇಲ್ಲಿಯೇ. ಊರಿನ ಮನೆಗೆ ಬೀಗ ಹಾಕಿ ಬಂದ ವೃದ್ಧ ತಾಯಿ ಮಗ ಸೊಸೆಯರ ಬಳಿ ಇರುತ್ತಾಳೆ. ಹಿರಿಯ ಮಗ ಹುಬ್ಬಳ್ಳಿಯಲ್ಲಿ, ಮಗಳು ಇನ್ನೆಲ್ಲೋ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ವೈದ್ಯರು ನಿರ್ಧಾರ ಕೇಳಿದಾಗ ಶುಶ್ರೂಷೆ ಮಾಡಿದ ಸೊಸೆ ಬಾಯಿ ತೆರೆಯಲಾರಳು. ದೂರವಾಣಿಯಲ್ಲಿ ಹಿರಿಯ ಮಗನದೇ ದನಿ ದೊಡ್ಡದು. ತಾಯಿಯ ಇಚ್ಛೆಯೇನೆಂದು ಅವಳಿಗೆ ಪ್ರಜ್ಞೆಯಿದ್ದಾಗ ಕೇಳಿದವರಿಲ್ಲ. ಕೇಳುವುದು ಅಪಶಕುನವೆಂದು ಎಲ್ಲರ ಎಣಿಕೆ. ಆಸ್ತಿಯ ಉಯಿಲಿಗೆ ಮಾತ್ರ ಈ ಅಪಶಕುನ ಅಡ್ಡಬರುವುದಿಲ್ಲ!

ಇಂಥ ಇಚ್ಛಾಪತ್ರಕ್ಕೆ 2018ರಲ್ಲಿಯೇ ಕಾನೂನಿನ ಮಾನ್ಯತೆ ದೊರೆತಿದೆ. ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ಕಷ್ಟವೂ 2023ರಲ್ಲಿ ತಪ್ಪಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢಪಡಿಸಿಕೊಂಡರಾಯಿತು. ಕರ್ನಾಟಕ ಸರ್ಕಾರವು 2025ರ ಜನವರಿಯಲ್ಲಿ ತನ್ನ ಆಸ್ಪತ್ರೆಗಳಿಗೆ ಈ ಕುರಿತು ಆದೇಶವನ್ನೂ ಹೊರಡಿಸಿತು. ಪ್ರಜ್ಞೆ ತಪ್ಪಿದಾಗ ತಮ್ಮ ಪರವಾಗಿ ಮಾತಾಡಬೇಕಾದವರ ಹೆಸರನ್ನು ಪತ್ರದಲ್ಲಿ ಕಾಣಿಸಬೇಕು. ಅಲ್ಲಿ ಸೊಸೆಯ ಹೆಸರನ್ನು ಬರೆಯಲು ಅತ್ತೆ ಹಿಂಜರಿಯಬೇಕಾಗಿಲ್ಲ. ಹಿರಿಯರು ತಮಗೆ ಬರುವ ಕನ್ನಡದಲ್ಲಿ ಬರೆದರೆ ಹಿಂದಿ ಇಲ್ಲವೆ ಇಂಗ್ಲಿಷ್ ಅನುವಾದವೊಂದನ್ನು ಜೊತೆಗಿರಿಸುವುದು ಲೇಸು: ಇಲ್ಲಿಯ ವೈದ್ಯರು ಕನ್ನಡ ಓದಲಾರರು. ಒಂದು ಪ್ರತಿ ಕುಟುಂಬದ ವೈದ್ಯರಿಗೆ, ಇನ್ನೊಂದು ಹುಬ್ಬಳ್ಳಿಯ ಮಗನಿಗೆ.