ಹಸುವಿಗೆ ತುಟ್ಟಿಭತ್ಯೆ ಇಲ್ಲ

ಕೇಂದ್ರ ಸರ್ಕಾರದ ನೌಕರರಾದ ನಮ್ಮ ತುಟ್ಟಿಭತ್ಯೆ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈಯಿಂದ ಅನ್ವಯವಾಗುವಂತೆ, ಪರಿಷ್ಕರಣೆಯಾಗುತ್ತದೆ. ಅದಕ್ಕೆ ಆಧಾರ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕ. ಆ ಸೂಚ್ಯಂಕದ ಬುಟ್ಟಿಯಲ್ಲಿ ಹಾಲೂ ಇದೆ. ಹೀಗಾಗಿ ಹಾಲಿನ ದರ ಏರಿದರೆ ಅದರ ಒಂದಂಶ ತಡವಾಗಿಯಾದರೂ ನಮ್ಮ ಸಂಬಳಕ್ಕೆ ಸೇರಿ ಮರಳಿ ಬರುತ್ತದೆ. ಆದೇಶ ವಿಳಂಬವಾದರೆ ಬಾಕಿಯೂ ಕೈಸೇರುತ್ತದೆ. ಇಷ್ಟು ರಕ್ಷಣೆಯುಳ್ಳ ನಮ್ಮ ವರ್ಗವೇ ಪೊಟ್ಟಣಕ್ಕೆ ಒಂದು ರೂಪಾಯಿ ಹೆಚ್ಚಾದ ಬೆಳಿಗ್ಗೆ ಎಲ್ಲರಿಗಿಂತ ಗಟ್ಟಿಯಾಗಿ ಗೊಣಗುತ್ತದೆ. ಹಿಂಡಿ, ಬೂಸಾಗಳ ಬೆಲೆ ಏರಿದಾಗ ಹಸು ಸಾಕಿದವಳಿಗೆ ಯಾವ ಭತ್ಯೆಯೂ ಇಲ್ಲ. ಭತ್ತಕ್ಕೂ ರಾಗಿಗೂ ಕನಿಷ್ಠ ಬೆಂಬಲ ಬೆಲೆಯೆಂಬ ಒಂದು ಘೋಷಣೆಯಾದರೂ ಉಂಟು. ಹಾಲಿಗೆ ಅದೂ ಇಲ್ಲ. ನಮ್ಮ ವಾದ ಇಷ್ಟೇ: ನಗರದ ಹಾಲು ಈ ಬೆಲೆಗೆ ಸಿಗುತ್ತಿರುವುದು ಹಳ್ಳಿಯ ಹೆಂಗಸಿನ ಲೆಕ್ಕಕ್ಕೆ ಬಾರದ ದುಡಿಮೆಯಿಂದ. ಆ ದಾನವನ್ನು ನಾವು ಇನ್ನು ಪಡೆಯಕೂಡದು.

ಹೊರನಾಡ ಕನ್ನಡಿಗರಿಗೆ ಹಾಲು ಅಭಿಮಾನದ ವಿಷಯವೂ ಹೌದು. 2023ರ ಏಪ್ರಿಲ್‌ನಲ್ಲಿ ಅಮೂಲ್ ಬೆಂಗಳೂರಿಗೆ ಬರುವ ಸುದ್ದಿ ಹಬ್ಬಿದಾಗ ಮುಂಬಯಿ, ಪುಣೆಗಳಲ್ಲಿದ್ದವರೂ ನಂದಿನಿಯ ಪರವಾಗಿ ಬರೆದರು. 2024ರ ನವೆಂಬರ್‌ನಲ್ಲಿ ಮಂಡ್ಯದ ಹಾಲು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಪ್ರಯಾಣ ಮಾಡಿ ದಿಲ್ಲಿಯ ಮಾರುಕಟ್ಟೆಗೆ ಬಂದಾಗ ಇಲ್ಲಿಯ ಕನ್ನಡಿಗರು ಹಿಗ್ಗಿದರು. ಅಭಿಮಾನಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ 2025ರ ಏಪ್ರಿಲ್‌ನಲ್ಲಿ ಅದೇ ನಂದಿನಿ ಲೀಟರಿಗೆ 4 ರೂಪಾಯಿ ಏರಿಸಿ, ಹೆಚ್ಚಳ ರೈತರಿಗೇ ಸಲ್ಲುವುದೆಂದು ಸರ್ಕಾರ ಹೇಳಿದಾಗ, ‘ನಮ್ಮ ನಂದಿನಿ’ ಎಂಬ ಮಾತು ಎಷ್ಟು ಬೇಗ ‘ಹಗಲು ದರೋಡೆ’ ಎಂಬುದಾಗಿ ತಿರುಗಿತು! ಬೆಲೆ ಕೊಡಬೇಕಾದೊಡನೆ ಕರಗುವ ಅಭಿಮಾನದಿಂದ ಕೊಟ್ಟಿಗೆಯ ದೀಪ ಉರಿಯುವುದಿಲ್ಲ.

ಒಂದು ಸರಳ ಲೆಕ್ಕ ಹಾಕೋಣ. ಅಂಕಿಗಳು ಊರಿಂದೂರಿಗೆ ಬದಲಾಗುತ್ತವೆ, ಆದರೆ ಲೆಕ್ಕದ ರೀತಿ ಬದಲಾಗದು. ಒಂದು ಮಿಶ್ರತಳಿ ಹಸು ದಿನಕ್ಕೆ ಸರಾಸರಿ 8 ಲೀಟರಿನಂತೆ 300 ದಿನ ಹಾಲು ಕೊಟ್ಟು, ಮುಂದಿನ ಕರುವಿನವರೆಗೆ 100 ದಿನ ಬತ್ತಿರುತ್ತದೆ ಎಂದುಕೊಳ್ಳೋಣ. ಒಟ್ಟು 2,400 ಲೀಟರ್. ಡೇರಿಯ ದರ 35 ರೂಪಾಯಿ ಎಂದು ಹಿಡಿದು, ರಾಜ್ಯ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಸೇರಿಸಿದರೆ ಆದಾಯ 96,000 ರೂಪಾಯಿ. ಖರ್ಚು ನೋಡಿ. ಕರೆಯುವ ಹಸುವಿಗೆ ದಿನಕ್ಕೆ 5 ಕಿಲೋ ಪಶು ಆಹಾರ, ಕಿಲೋಗೆ 25ರಂತೆ 125 ರೂಪಾಯಿ. ಹಸಿ ಮೇವು, ಒಣ ಮೇವು ಸೇರಿ 70. ಮುನ್ನೂರು ದಿನಕ್ಕೆ 58,500. ಬತ್ತಿದ ಹಸುವೂ ತಿನ್ನಬೇಕು: ದಿನಕ್ಕೆ 120ರಂತೆ ನೂರು ದಿನಕ್ಕೆ 12,000. ಔಷಧಿ, ಕೃತಕ ಗರ್ಭಧಾರಣೆ, ಖನಿಜ ಮಿಶ್ರಣ, ವಿಮೆ ಎಂದು 6,000. ಉಳಿಯುವುದು 19,500, ಅಂದರೆ ನಾನೂರು ದಿನಗಳಿಗೆ ಹಂಚಿದರೆ ದಿನಕ್ಕೆ 49 ರೂಪಾಯಿ.

ಈ 49 ರೂಪಾಯಿಗೆ ನಸುಕಿನಲ್ಲಿ ಎದ್ದು ಸಗಣಿ ಬಾಚುವುದು, ಮೇವು ಕೊಯ್ದು ಹೊರುವುದು, ನೀರು ಸೇದುವುದು, ಎರಡು ಹೊತ್ತು ಕರೆಯುವುದು, ಕ್ಯಾನು ಹೊತ್ತು ಡೇರಿಗೆ ನಡೆಯುವುದು, ಇಷ್ಟೂ ಸೇರಿ ಕನಿಷ್ಠ ನಾಲ್ಕು ಗಂಟೆಯ ಕೆಲಸ. ಕರ್ನಾಟಕದಲ್ಲಿ 2025–26ಕ್ಕೆ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಅರ್ಧ ದಿನಕ್ಕೆ 185. ಪ್ರೋತ್ಸಾಹಧನ ತಿಂಗಳುಗಟ್ಟಲೆ ಬಾಕಿ ಉಳಿಯುವುದು ಹೊಸ ಸುದ್ದಿಯಲ್ಲ. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ದಿನಕ್ಕೆ 19 ರೂಪಾಯಿಯೂ ಉಳಿಯದು. ಹಸು ಕೊಂಡ ಸಾಲದ ಬಡ್ಡಿ, ಹಸುವಿಗೆ ವಯಸ್ಸಾದಂತೆ ಇಳಿಯುವ ಬೆಲೆ, ಕೆಚ್ಚಲು ಬಾವಿನಿಂದ ಚೆಲ್ಲಿಹೋದ ಹಾಲು, ಇವಾವುವೂ ಈ ಲೆಕ್ಕದಲ್ಲಿಲ್ಲ. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಒಂದೇ ಹಸುವಿದ್ದ ಮನೆಗಳಿಗೆ ಅದರ ಸಾವೆಂದರೆ ಬಂಡವಾಳವೂ ಸಂಬಳವೂ ಒಟ್ಟಿಗೆ ಹೋದಂತೆ.

ಹಾಗಾದರೆ ಮೇಕೆ ಸಾಕಲಿ ಎನ್ನುವವರಿದ್ದಾರೆ. ಮೇಕೆಯ ಅರ್ಥಶಾಸ್ತ್ರವೇ ಬೇರೆ. ಆಡು ಮುಟ್ಟದ ಸೊಪ್ಪಿಲ್ಲ, ಆದ್ದರಿಂದ ಮೇವಿನ ಖರ್ಚು ಕಡಿಮೆ. ಹೋರಿಕರು ಹುಟ್ಟಿದರೆ ಟ್ರ್ಯಾಕ್ಟರಿನ ಈ ಕಾಲದಲ್ಲಿ ಅದು ಖರ್ಚು. ಕರ್ನಾಟಕದ 2020ರ ಗೋಹತ್ಯೆ ತಡೆ ಕಾಯ್ದೆಯ ನಂತರ ಅದನ್ನೂ ಮುದಿ ಹಸುವನ್ನೂ ಮಾರುವುದು ಇನ್ನಷ್ಟು ಕಷ್ಟ. ಕಾಯ್ದೆಯ ಸರಿತಪ್ಪು ಬೇರೆ ಚರ್ಚೆ. ಅದರ ಖರ್ಚು ರೈತನ ತಲೆಗೇ ಬಿದ್ದಿದೆ ಎಂಬುದು ನಿರ್ವಿವಾದ. ಗಂಡು ಮೇಕೆಮರಿಯಾದರೋ ನಡೆದಾಡುವ ಉಳಿತಾಯ ಖಾತೆ. ಆ ಕಾರಣಕ್ಕೇ ಸಾಕುವವಳು ಮೇಕೆಯ ಹಾಲನ್ನು ಮೊದಲು ಮರಿಗೆ ಬಿಡುತ್ತಾಳೆ: ಕರೆದು ಮಾರುವ ಅರ್ಧ ಲೀಟರಿಗಿಂತ ಕೊಬ್ಬಿದ ಮರಿಗೆ ಸಂತೆಯಲ್ಲಿ ಹೆಚ್ಚು ಬೆಲೆ. ದೇಶದ ಒಟ್ಟು ಹಾಲಿನಲ್ಲಿ ಮೇಕೆಯ ಪಾಲು ಸುಮಾರು ಶೇಕಡಾ 3. ಮನೆಮನೆಯ ಅರ್ಧ ಲೀಟರನ್ನು ಒಟ್ಟುಗೂಡಿಸಿ ತಂಪು ಮಾಡಿ ಸಾಗಿಸುವ ವೆಚ್ಚವೇ ಹಾಲಿನ ಬೆಲೆಯನ್ನು ಮೀರಬಹುದು. ಡೆಂಗಿ ಕಾಲದಲ್ಲಿ ದಿಲ್ಲಿಯವರು ಕೇಳಿದಷ್ಟು ಬೆಲೆ ಕೊಟ್ಟು ಆಡಿನ ಹಾಲು ಹುಡುಕುತ್ತಾರೆ. ಅದರಿಂದ ಡೆಂಗಿ ವಾಸಿಯಾಗುತ್ತದೆಂಬುದಕ್ಕೆ ವೈದ್ಯಕೀಯ ಆಧಾರವಿಲ್ಲ. ಸೊಳ್ಳೆಗಳ ಋತುವನ್ನು ನಂಬಿ ಯಾರೂ ಸಂಸಾರ ನಡೆಸಲಾರರು.

ಇನ್ನೊಂದು ಉಪದೇಶ ಇದಕ್ಕಿಂತ ಸೊಗಸಾದದ್ದು: ‘ಡೇರಿ ಬಿಡಿ, ನೇರವಾಗಿ ಗ್ರಾಹಕರಿಗೇ ಮಾರಿ, ಎ2 ಎಂದು ಹೆಸರಿಟ್ಟು ನೂರು ರೂಪಾಯಿಗೆ ಮಾರಿ.’ ಎ1, ಎ2 ಎಂಬ ಹೆಸರುಗಳನ್ನು ಪೊಟ್ಟಣದಿಂದ ತೆಗೆಯಿರೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ 2024ರ ಆಗಸ್ಟ್‌ನಲ್ಲಿ ಸೂಚಿಸಿ, ಒಂದು ವಾರದೊಳಗೆ ಆ ಸೂಚನೆಯನ್ನು ಹಿಂತೆಗೆದುಕೊಂಡಿತು. ಆ ಗೊಂದಲ ಹಾಗಿರಲಿ. ನಗರದ ಅಂಚಿನಲ್ಲಿ ಜಮೀನು, ವಾಹನ, ಶೀತಲ ಪೆಟ್ಟಿಗೆಯಿರುವವನಿಗೆ ಆ ದಾರಿ ಉಂಟು. ಎರಡು ಹಸುವಿನ ಮನೆಗೆ ಇಲ್ಲ. ಗಿರಾಕಿ ರಜೆಗೆ ಊರಿಗೆ ಹೋಗುತ್ತಾನೆ; ಹಸು ರಜೆ ಹಾಕುವುದಿಲ್ಲ. 1946ರಲ್ಲಿ ಖೇಡಾ ಜಿಲ್ಲೆಯ ರೈತರು ಸಂಘ ಕಟ್ಟಿಕೊಂಡದ್ದು ದಿನಕ್ಕೆ ಎರಡು ಬಾರಿ ತಪ್ಪದೆ ಕೊಳ್ಳುವವರು ಬೇಕೆಂದೇ. 2020ರ ಲಾಕ್‌ಡೌನ್‌ನಲ್ಲಿ ಹೋಟೆಲುಗಳು ಮುಚ್ಚಿದಾಗಲೂ ಡೇರಿಗಳು ಹಾಲು ಅಳೆದುಕೊಂಡವು. ಸಹಕಾರ ಸಂಘದಲ್ಲಿ ದೋಷಗಳಿವೆ, ರಾಜಕಾರಣವಿದೆ. ಆದರೂ ಅದನ್ನು ಬಿಟ್ಟು ಹೋಗೆನ್ನುವುದು ಈಜು ಬಾರದವನಿಗೆ ದೋಣಿಯಿಂದ ಇಳಿಯೆಂದಂತೆ.

ಹಾಲು ತುಟ್ಟಿಯಾದರೆ ಬಡಮಕ್ಕಳ ಗತಿಯೇನು ಎಂಬ ಪ್ರಶ್ನೆಯೊಂದೇ ಗಂಭೀರವಾದದ್ದು. ಅದಕ್ಕೆ ಉತ್ತರವನ್ನು ಕರ್ನಾಟಕವೇ 2013ರಲ್ಲಿ ಕ್ಷೀರಭಾಗ್ಯದ ಮೂಲಕ ತೋರಿಸಿದೆ. ಬಡವರ ಮಗುವಿಗೆ ಹಾಲು ಕೊಡುವುದು ಸಮಾಜದ ಹೊಣೆ. ಅದರ ಖರ್ಚು ಖಜಾನೆಯಿಂದ, ಅಂದರೆ ನಮ್ಮ ತೆರಿಗೆಯಿಂದ ಬರಬೇಕು. ಒಬ್ಬ ಬಡವಳ ಕೂಲಿ ಕತ್ತರಿಸಿ ಇನ್ನೊಬ್ಬ ಬಡವಳ ಮಗುವಿಗೆ ಹಾಲೆರೆಯುವುದು ಧರ್ಮವಲ್ಲ. ಮೇಲಾಗಿ ಆ ಮಗುವಿನ ಹೆಸರಿನಲ್ಲಿ ಅಗ್ಗದ ಹಾಲನ್ನು ಹೆಚ್ಚಾಗಿ ಕುಡಿಯುತ್ತಿರುವವರು ಸಂಬಳದಾರರೇ.

ಬೇಕಾದದ್ದು ದೊಡ್ಡ ಕ್ರಾಂತಿಯೇನಲ್ಲ. ಹಾಲಿನ ಖರೀದಿ ದರವನ್ನು ಪಶು ಆಹಾರದ ಬೆಲೆಗೂ ಕನಿಷ್ಠ ಕೂಲಿಗೂ ಜೋಡಿಸಿ, ತುಟ್ಟಿಭತ್ಯೆಯಂತೆಯೇ ಆರು ತಿಂಗಳಿಗೊಮ್ಮೆ ಪರಿಷ್ಕರಿಸಲಿ. ಹಾಲು ಹೆಚ್ಚಿದ ಕಾಲದಲ್ಲಿ ಖರೀದಿ ದರ ಇಳಿಸುವ ಒಕ್ಕೂಟಗಳ ಪದ್ಧತಿ ನಿಲ್ಲಲಿ. ಪ್ರೋತ್ಸಾಹಧನ ಸಂಬಳದಂತೆ ತಿಂಗಳ ಕೊನೆಗೆ ಕೈಸೇರಲಿ, ಕರೆಯುವವಳ ಹೆಸರಿನ ಖಾತೆಗೇ ಸೇರಲಿ. ಇದರಿಂದ ಪೊಟ್ಟಣದ ಬೆಲೆ ಏರಿದರೆ ಏರಲಿ. ನಮಗೆ ಜನವರಿ ಇದೆ, ಜುಲೈ ಇದೆ. ಅವಳಿಗಿರುವುದು ನಾಳೆಯ ನಸುಕು ಮಾತ್ರ.