ಹಳೇ ಮನಿಗೆ ಹಳೇ ಬಣ್ಣ (ಭಾಗ 4)

ಮೊದಲನೇ ಫೋಟೋ ಝೂಮ್ ಮಾಡಿ ನೋಡ್ರಿ. ಸಿಂದಗಿ ತಾಲ್ಲೂಕಿನ ನಮ್ಮ ಹಳ್ಳಿ ಮನಿಯ ಹೊರಗೋಡೆ, ತಲಬಾಗಿಲ ಪಕ್ಕ. ಎರಡು ರೂಪಾಯಿ ನಾಣ್ಯದಿಂದ ಕೆರೆದೆ. ಮೇಲೆ ಹಾಳೆ ಹಂಗ ಎದ್ದು ಬಂದ ಕಿತ್ತಳೆ ಎಮಲ್ಷನ್. ಅದರ ಕೆಳಗೆ ಗುಲಾಬಿ (ಅತ್ತಿ ಮದುವಿದು), ಅದರ ಕೆಳಗೆ ಹಸಿರು ಡಿಸ್ಟೆಂಪರ್. ಎಲ್ಲಕ್ಕೂ ಕೆಳಗೆ ಪದರದ ಮೇಲೆ ಪದರ ಸುಣ್ಣ, ನೆಲದಿಂದ ಮೊಣಕಾಲೆತ್ತರ ಹುರಮಂಜಿನ ಕೆಂಪು ಪಟ್ಟಿ.

ಮೂರು ವರ್ಷದ ಹಿಂದೆ ಕಾಕಾ ಕಿತ್ತಳೆ ಹೊಡೆಸಿದಾಗ ನಾನೂ ಕುಣಿದಾಡಿ ರೀಲ್ ಹಾಕಿದ್ದೆ. ಡಿಲೀಟ್ ಮಾಡೀನಿ, ಹುಡುಕಬ್ಯಾಡ್ರಿ. ಎರಡನೇ ಮಳೆಗಾಲಕ್ಕೇ ಗೋಡೆ ಉಬ್ಬಿತು. ಕಲ್ಲು-ಮಣ್ಣಿನ ಗೋಡೆ ನೆಲದ ಹಸಿ ಎಳ್ಕೋತೈತಿ, ಅದು ಹೊರಗೆ ಆರಬೇಕು. ಸುಣ್ಣದೊಳಗಿಂದ ಆರತೈತಿ. ಪ್ಲಾಸ್ಟಿಕ್ ಪೇಂಟ್ ಅದನ್ನ ಒಳಗೇ ಕಟ್ಟಿಹಾಕತೈತಿ, ಆಮೇಲೆ ಗಿಲಾವ್ ಸಮೇತ ಕಿತ್ಕೊಂಡು ಬೀಳತೈತಿ. ಹಚ್ಚಿದ ಸುಣ್ಣ ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ. 40 ಡಿಗ್ರಿ ದಾಟುವ ನಮ್ಮ ಬ್ಯಾಸಗಿಯಲ್ಲಿ ಬಿಳಿ ಗೋಡೆ ಬಿಸಿಲನ್ನ ವಾಪಸ್ ಕಳಿಸುತ್ತೆ ಅನ್ನೋದು ಬ್ಯಾರೆ.

ಹಂಗಾಗಿ ನಾನು ಹಳೇ ಬಣ್ಣಕ್ಕೆ ಹೋಗೋಣ ಅಂತಿರೋದು ಬರೀ ನೆನಪಿಗಾಗಿ ಅಲ್ಲ. ನೆನಪೇ ಬೇಕಂದ್ರ ಗುಲಾಬಿನೂ ನೆನಪೇ. ಆ ಗೋಡೆಗೆ ಬೇಕಾದದ್ದು ಸುಣ್ಣ.

ಬೆಂಗಳೂರಿನ ಅಠಾರಾ ಕಚೇರಿ, ಈಗಿನ ಹೈಕೋರ್ಟ್, 1868ರಲ್ಲಿ ಮುಗಿದದ್ದು, ವಿಕ್ಟೋರಿಯಾ ರಾಣಿ ಕಾಲದ್ದು. 1980ರ ದಶಕದಲ್ಲಿ ಕೆಡವೋ ಮಾತಿತ್ತು, ಜನ ಕೋರ್ಟಿಗೆ ಹೋದ್ರು, ಕಟ್ಟಡ ಉಳೀತು. ಇವತ್ತಿಗೂ ಕೆಂಪಗೇ ಐತಿ. ನಾಳೆ ಅದಕ್ಕೆ ನೀಲಿ ಹೊಡೀತೀವಿ ಅಂದ್ರ ಬೆಂಗಳೂರು ಸುಮ್ಮನಿರತೈತೇನು? ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ವಾಡೆಗಳಿಗೆ, ಮಾಳಗಿ ಮನಿಗಳಿಗೆ ಆ ನಸೀಬಿಲ್ಲ. ಇಲ್ಲಿ ಬಣ್ಣ ಆರಿಸೋದು ಅಂಗಡಿಯ ಶೇಡ್ ಕಾರ್ಡ್.

ಈ ಭಾಷಣನ ಮನಿಯಾಗ ಮಾಡಿದೆ. ಕಾಕಾ ಲೆಕ್ಕ ಕೇಳಿದ್ರು. ಬಿಕಾಂ ಅಲ್ವಾ, ತೋರಿಸಿದೆ: ಪೇಂಟಿಗೆ ಒಮ್ಮೆಲೇ ದೊಡ್ಡ ಖರ್ಚು, ಸುಣ್ಣಕ್ಕೆ ವರ್ಷಾ ಸಣ್ಣ ಖರ್ಚು. ಕಾಕಾ ಒಪ್ಪಿದ್ರು. ಒಪ್ಪದೇ ಇದ್ದದ್ದು ಆಯಿ.

"ವರ್ಷಾ ಹಚ್ಚಾಕಿ ಯಾರವ್ವ? ನೀನೇನು?"

ನನ್ನ ಲೆಕ್ಕದಾಗ ಕೂಲಿ ಕಾಲಮ್ಮೇ ಇರಲಿಲ್ಲ. ಯಾಕಂದ್ರ ಆಯಿಗೆ, ದೊಡ್ಡವ್ವಗೆ ಯಾರೂ ಕೂಲಿ ಕೊಟ್ಟಿರಲಿಲ್ಲ. ಪ್ರತಿ ದಸರಾಕ್ಕೆ ಏಣಿ ಹತ್ತಿ, ಸುಣ್ಣ ತಿಂದ ಅಂಗೈ ಹಿಡ್ಕೊಂಡು, ಆಮೇಲೆ ಹೋಳಿಗಿನೂ ಮಾಡಿದವರು ಅವರೇ. "ಹಳೇ ಮನಿ ಎಷ್ಟ ಚಂದ" ಅಂತ ಕಾಮೆಂಟ್ ಹಾಕೋ ನಾವು ಈ ಪ್ರಶ್ನೆಗೆ ಉತ್ತರ ಕೊಡಬೇಕು. ನನ್ನ ಉತ್ತರ: ಸುಣ್ಣನೇ ಹಚ್ಚೋಣ, ಆದ್ರ ಮನಿ ಗಂಡಸರೂ ಬ್ರಷ್ ಹಿಡೀಲಿ, ಇಲ್ಲಾ ಕೂಲಿ ಕೊಟ್ಟು ಹಚ್ಚಿಸಲಿ.

ಈ ವಾರ ನಾನು, ತಮ್ಮ, ಕಾಕಾ ಮೂವರೂ ಎಮಲ್ಷನ್ ಕೆರೀತಾ ಇದ್ದೀವಿ. ಪೂರ್ತಿ ಕೆರೀದಿದ್ರ ಅದರ ಮೇಲೆ ಸುಣ್ಣ ಹಿಡಿಯಂಗಿಲ್ಲ. ನೀವೂ ಮಾಡೋರಿದ್ರ ನೆನಪಿರಲಿ: ಸುಟ್ಟ ಸುಣ್ಣಕ್ಕೆ ನೀರು ಹಾಕಿದ್ರ ಕುದೀತೈತಿ. ತೆಳು ಪ್ಲಾಸ್ಟಿಕ್ ಬಕೆಟ್ ಬ್ಯಾಡ, ಕಣ್ಣಿಗೆ ಕನ್ನಡಕ ಬೇಕು, ಸಣ್ಣ ಹುಡುಗರನ್ನ ದೂರ ಇಡ್ರಿ. ಆಯಿ ಕಟ್ಟಿ ಮ್ಯಾಲೆ ಕೂತು ತಪ್ಪು ಹುಡುಕ್ತಾಳ. ಕೊನೇ ಫೋಟೋ ಅದೇ.